ಆರು ಜನರ ಜ್ವರ

"ಬರಿಯೋ ಬೋಳಿಮಗನೇ! ಕುಡಿದಿದ್ದ, ಅಮಲಲ್ಲಿ ತಾನೇ ಕೈ ಹಾಕ್ದ ಅಂತ ಬರಿ. ನಿನ್ನ ಅಕ್ಷರಕ್ಕೇನು ಬರ ಬಂದಿದ್ಯಾ?"

ಧಣಿ ಮೇಜು ಗುದ್ದಿದ ರಭಸಕ್ಕೆ ಚಹಾ ಲೋಟ ಉರುಳಿತು. ನಾನು ಈ ಜಲ್ಲಿ ಕ್ರಷರಿನ ರೈಟರ್. ಬೆಳಿಗ್ಗೆ, ಗಿಡ್ಡನೆಂದು ಎಲ್ಲರೂ ಮೋಟ ಅನ್ನುವ ಕೆಲಸದಾಳಿನ ಬಲಗೈ ಮೊಣಕೈವರೆಗೂ ಬೆಲ್ಟಿಗೆ ಸಿಕ್ಕಿ ಹೋಗಿತ್ತು. ಬೆಲ್ಟಿನ ತಗಡಿನ ಮುಚ್ಚಳವನ್ನು ಮೂರು ತಿಂಗಳ ಹಿಂದೆ ಬಿಚ್ಚಿಸಿದವರು ಧಣಿಯೇ. ಅದಿದ್ದರೆ ಸಿಕ್ಕಿಕೊಂಡ ಕಲ್ಲು ತೆಗೆಯಲು ಹೊತ್ತು ಹಿಡಿಯುತ್ತದಂತೆ. ಮೋಟ ಜನ್ಮದಲ್ಲಿ ಕುಡಿದವನಲ್ಲ.

ಬರೆದೆ.

ಮೋಟನೂ ನಾನೂ ಒಂದೇ ತರಗತಿ. ಒಂದೇ ಕೋಣೆಯ ಶಾಲೆ. ನಮ್ಮ ಕೇರಿಯಿಂದ ಏಳು ಮಕ್ಕಳು. ಹಾಜರಿ ಕೂಗಿದ ಮೇಲೆ ಮೇಷ್ಟ್ರು ಆರು ಜನರನ್ನು ತಮ್ಮ ಹೊಲದ ಕಳೆ ಕೀಳಲು ಅಟ್ಟುತ್ತಿದ್ದರು. "ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ, ನಡೀರೋ!" ನನ್ನ ಅವ್ವ ಅವರ ಮನೆಯ ಪಾತ್ರೆ ತಿಕ್ಕುತ್ತಿದ್ದಳು, ಹಾಗಾಗಿ ನಾನೊಬ್ಬ ಒಳಗೆ ಉಳಿದೆ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು, ಉಳಿದವರೆಲ್ಲಿ ಎಂದರು. ಮೇಷ್ಟ್ರು ನನ್ನತ್ತ ನೋಡಿದರು.

"ಜ್ವರ ಸಾರ್. ಆರು ಜನಕ್ಕೂ ಜ್ವರ," ಎಂದೆ.

ಸಾಹೇಬರು ನನ್ನ ಬೆನ್ನು ತಟ್ಟಿ ಹೊರಟರು. ಕಿಟಕಿಯಿಂದ ಹೊಲ ಕಾಣುತ್ತಿತ್ತು, ಬಗ್ಗಿದ ಆರು ಬೆನ್ನುಗಳೂ.

ಸಂಜೆ ಆ ಆರರಲ್ಲೊಬ್ಬಳು, ಬಾಯಿಬಡುಕಿ ಗಿಣಿ, ದಾರಿಗೆ ಅಡ್ಡ ನಿಂತಳು. "ನಮಗೆ ಜ್ವರ ಅಂದ್ಯಂತೆ? ಮುಟ್ಟಿ ನೋಡು." ನಾನು ಮುಟ್ಟಲಿಲ್ಲ. ತಲೆ ತಗ್ಗಿಸಿ ಓಡಿದೆ.

ಗಿಣಿ ಈಗ ಮೋಟನ ಹೆಂಡತಿ. ಆಸ್ಪತ್ರೆಯಿಂದ ನೇರ ಬಂದಳು. ಸೆರಗಿನ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು.

"ಹೆಬ್ಬೆಟ್ಟು ಒತ್ತಮ್ಮ. ಆಸ್ಪತ್ರೆ ಕಾಗದ, ಅಷ್ಟೇ," ಎಂದರು ಧಣಿ.

ಅವಳು ನನ್ನ ಕಡೆ ತಿರುಗಿದಳು. "ಓದು."

"ಅದು... ಏನಿಲ್ಲ..."

"ನಾವು ಕಳೆ ಕೀಳೋವಾಗ ಕಲ್ತಿದ್ದಲ್ವೇನೋ? ಓದೋ."

ಓದಿದೆ. ಕುಡಿದ ಅಮಲಿನಲ್ಲಿ ತಾನೇ ಕೈ ಹಾಕಿದ ಎಂಬುದನ್ನೂ ಓದಿದೆ. ಬಾಗಿಲಲ್ಲಿ ಕೆಲಸದವರು ಗುಂಪುಗೂಡಿದ್ದರು.

ಗಿಣಿ ಶಾಯಿ ಪ್ಯಾಡಿಗೆ ಇಡೀ ಅಂಗೈ ಉಜ್ಜಿದಳು. ಕಾಗದದ ನಟ್ಟನಡುವೆ ಒತ್ತಿ, ಕೆಳಗಿನವರೆಗೂ ಎಳೆದಳು.

"ಅವನ ಬಲಗೈ ನಿಮ್ಮ ಬೆಲ್ಟ್ ತಿಂತು. ತಗೊಳ್ಳಿ, ಇದು ನನ್ನದು."

"ತೊಲಗಾಚೆ, ಲೌಡಿ!" ಧಣಿ ಹೊಸ ಹಾಳೆಯೊಂದನ್ನು ನನ್ನ ಮುಖಕ್ಕೆಸೆದರು. "ಇನ್ನೊಂದು ಬರಿಯೋ!"

ಗಿಣಿ ತೊಲಗಲಿಲ್ಲ. ನನ್ನೆದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಬರಿ ಕಣೋ. ಎಷ್ಟು ಬೇಕೋ ಅಷ್ಟು ಬರಿ. ಒಂದೊಂದನ್ನೂ ಇವರೆಲ್ಲರ ಮುಂದೆ ನಿನ್ನ ಬಾಯಲ್ಲೇ ಓದಿಸ್ತೀನಿ."