ಬಂಡೆಯ ಮೇಲಿನ ಕೂಸು

ಬೆಳಿಗ್ಗೆ ಹತ್ತೂವರೆಗೆ ಗದ್ದೆಮ್ಮನ ಎರಡು ತಿಂಗಳ ಕೂಸನ್ನು ಮಂಗ ಎತ್ತಿಕೊಂಡು ಹೋಯಿತು.

೧೯೭೯ರ ಬೇಸಿಗೆ. ಪ್ರಯೋಗಶಾಲೆಗೆಂದು ಪೆಟ್ಟಿಗೆಗಳಲ್ಲಿ ತುಂಬಿ ಕದ್ದು ಸಾಗಿಸುತ್ತಿದ್ದ ಕೆಂಪು ಮುಖದ ಮಂಗಗಳನ್ನು ಅರಣ್ಯ ಇಲಾಖೆಯವರು ರಾಯಚೂರು ರೈಲು ಸ್ಟೇಶನ್ನಿನಲ್ಲಿ ಹಿಡಿದು, ದೇವದುರ್ಗದಾಚೆಯ ಕುರುಚಲು ಗುಡ್ಡಕ್ಕೆ ತಂತಿ ಬೇಲಿ ಹಾಕಿ ಒಳಗೆ ಬಿಟ್ಟಿದ್ದರು. ಗದ್ದೆಮ್ಮನ ಗಂಡ ಯಂಕೋಬ ಅಲ್ಲಿಯ ಕಾವಲುಗಾರ. ಮಂಗಗಳ ತೊಟ್ಟಿಗೆ ನೀರು ಹೊರುವುದು ಅವಳ ಕೆಲಸ. ಹೊಲಕ್ಕೆ ಹೋದಾಗ ಮಾಡುವಂತೆಯೇ ಬೇಲಿಯೊಳಗಿನ ಬೇವಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ್ದಳು. ಕೊಡ ಬಗ್ಗಿಸಿ ತಿರುಗುವಷ್ಟರಲ್ಲಿ ಜೋಲಿ ಬರಿದಾಗಿತ್ತು.

ಮಂಗ ಎತ್ತರದ ಬಂಡೆಯ ಅಂಚಿನಲ್ಲಿ, ಕೂಸನ್ನು ಒಂದು ಕೈಯಲ್ಲಿ ಎದೆಗೆ ಅವುಚಿಕೊಂಡು ಕೂತಿತ್ತು. ಬಂಡೆಯಾಚೆ ಎರಡಾಳು ಆಳದ ಕಲ್ಲುಗುಂಡಿ.

ಯಂಕೋಬ ಕಲ್ಲೆತ್ತಿದ. ಗದ್ದೆಮ್ಮ ಅವನ ರಟ್ಟೆ ಹಿಡಿದಳು.

“ಒಗಿಬ್ಯಾಡ್ರಿ! ಬೆದರಿ ಕೈ ಬಿಟ್ರ?”

“ಮತ್ತೇನ್ ಮಾಡ್ಲಿ, ಆರತಿ ಎತ್ತಲೇನು?”

ಕೂಸು ಚೀರಿತು. ಗದ್ದೆಮ್ಮನ ಎದೆಯ ಹಾಲು ಸೋರಿ ಕುಪ್ಪಸ ಒದ್ದೆಯಾಯಿತು. ಅವಳು ಹೆಜ್ಜೆ ಮುಂದಿಟ್ಟರೆ ಮಂಗ ಹಲ್ಲು ಕಿರಿದು ಅಂಚಿಗೆ ಸರಿಯುತ್ತಿತ್ತು. ಹಿಂದೆ ಸರಿದರೆ ಸುಮ್ಮನಾಗಿ, ಹೇನು ಹೆಕ್ಕುವಂತೆ ಕೂಸಿನ ಕೂದಲಲ್ಲಿ ಬೆರಳಾಡಿಸುತ್ತಿತ್ತು. ಆಗ ಅವಳಿಗೆ ಅದರ ಗುರುತು ಹತ್ತಿತು. ಸತ್ತ ಮರಿಯನ್ನು ಹೊಟ್ಟೆಗೆ ಅವುಚಿಕೊಂಡೇ ತಿರುಗುತ್ತಿದ್ದ ಮಂಗ ಇದೇ. ನಿನ್ನೆ ಸಂಜೆ ಅದು ನೀರು ಕುಡಿಯಲು ಮರಿಯನ್ನು ಕೆಳಗಿಟ್ಟಾಗ ಯಂಕೋಬ ಕೋಲಿನಿಂದ ಎಳೆದುಕೊಂಡಿದ್ದ. ಹನುಮಪ್ಪನ ಕುಲ, ನಾರುತ್ತ ಬಿದ್ದಿರಬಾರದೆಂದು ಪಕ್ಕದ ಹೊಲದ ಜಂಗಮ ಮಲ್ಲಯ್ಯನನ್ನು ಕರೆಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಬೇಲಿಯ ಬಾಗಿಲ ಬಳಿ ಮಣ್ಣು ಮಾಡಿದ್ದರು.

“ಅದರ ಕೂಸು ಅದಕ್ಕ ಕೊಡಬೇಕು,” ಎಂದಳು ಗದ್ದೆಮ್ಮ.

ಗದ್ದಲ ಕೇಳಿ ಓಡಿಬಂದಿದ್ದ ಮಲ್ಲಯ್ಯ ಬೆಚ್ಚಿದ. “ಯವ್ವಾ, ಮಣ್ಣು ಕೊಟ್ಟದ್ದನ್ನ ತಿರುಗಿ ತೆಗೀತಾರೇನು? ಮನಿತನಕ್ಕ ಒಳ್ಳೇದಲ್ಲ ಬೇ.”

“ನಮ್ಮ ಮನಿತನ ಆ ಕಲ್ಲಿನ ಮ್ಯಾಲ ಕುಂತದ ನೋಡ್ರಿ ಅಯ್ಯನವರ!”

ಸಲಿಕೆಯ ಸದ್ದಿಗೆ ಮಂಗ ಬೆದರೀತೆಂದು ಅವಳು ಕೈಯಿಂದಲೇ ಅಗೆದಳು. ಮಣ್ಣು ಇನ್ನೂ ಸಡಿಲವಾಗಿತ್ತು. ವಾಸನೆಗೆ ಯಂಕೋಬ ಮೂಗು ಮುಚ್ಚಿಕೊಂಡ. ಅವಳು ಮರಿಯನ್ನು ಸೆರಗಿನಲ್ಲಿ ತಂದು ಬಂಡೆಯ ಬುಡದಲ್ಲಿಟ್ಟು, ಬೆನ್ನು ತಿರುಗಿಸಿ ಬಾಗಿಲಿನತ್ತ ನಡೆದಳು. ಹಿಂದೆ ಕೂಸಿನ ಅಳು ಥಟ್ಟನೆ ನಿಂತಿತು.

ಯಾಕೆ ನಿಂತಿತೆಂದು ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ಎದುರಿಗಿದ್ದ ಯಂಕೋಬ ನೋಡುತ್ತಿದ್ದ. ಅವನ ಬಾಯಿ ತೆರೆದೇ ಇತ್ತು.

“ಏನಾತು? ಬಾಯಿ ಬಿಟ್ಟು ಹೇಳ್ರಿ!”

“ಇಳಿಯಾಕತ್ತದ,” ಎಂದ ಅವನು. “ಕೂಸ್ನ ತಂತು… ಕೆಳಗಿಡ್ತು.”

ಮಂಗ ಮರಿಯನ್ನು ಮೂಸಿ, ಹೊಟ್ಟೆಗೆ ಅವುಚಿಕೊಂಡು ಗುಡ್ಡ ಹತ್ತಿತು. ಗದ್ದೆಮ್ಮ ಓಡಿದಳು. ಕೂಸು ಉಸಿರಾಡುತ್ತಿತ್ತು. ತೊಡೆಯ ಮೇಲೆ ಉದ್ದನೆಯ ಗೀರು, ರಕ್ತ.

ಮಧ್ಯಾಹ್ನದ ಬಸ್ಸಿಗೆ ಅವರು ರಾಯಚೂರಿಗೆ ಹೋದರು. ಅಂದೇ ಆಸ್ಪತ್ರೆಯಲ್ಲಿ, ಹುಚ್ಚುನಾಯಿ ಕಡಿದವರಿಗೆ ಕೊಡುವ ಇಂಜೆಕ್ಷನ್ನನ್ನು ಕೂಸಿನ ಹೊಟ್ಟೆಗೆ ಚುಚ್ಚಿದರು.