ಡೊಂಕು ಸರಳು

ಅಥವಾ ಆ ಸರಳು ಅಷ್ಟೇನೂ ಡೊಂಕಾಗಿರಲಿಲ್ಲವೇನೋ? ನೂರು ವರ್ಷದ ಕಬ್ಬಿಣ, ಯಾರದೋ ಹೊಲದಲ್ಲಿ ಕಲ್ಲಿಗೆ ತಾಗಿ ಬಾಗಿದ್ದಿರಬಹುದು. ಬಾಗಿದ್ದನ್ನು ಕಾಯಿಸಿ, ಬಡಿದು, ನೆಟ್ಟಗೆ ಮಾಡುವುದು ತಪ್ಪು ಹೇಗಾಗುತ್ತದೆ? ಫಿಟ್ಟರ್ ಆದವನು ಮಾಡಬೇಕಾದದ್ದೇ ಅದಲ್ಲವೇ?

ಮೆಲ್ಬರ್ನಿನ ಬಾಕ್ಸ್ ಹಿಲ್ ಸ್ಟೇಷನ್ನಿನ ಎಸ್ಕಲೇಟರ್ ಅಡಿವೆಪ್ಪನನ್ನು ಮೇಲಕ್ಕೆ ತಂದು ಬಿಟ್ಟಿತು. ಅವನು ಕೆಳಗಿಳಿಯುವ ಎಸ್ಕಲೇಟರಿನ ಕಡೆ ಒಮ್ಮೆ ನೋಡಿದ. ನಿನ್ನೆ ಬೆಳಿಗ್ಗೆ ಸಿಡ್ನಿಯಲ್ಲಿ ರೈಲು ಹತ್ತುವಾಗ ನಿರ್ಧಾರ ಗಟ್ಟಿಯಾಗಿತ್ತು. ಹನ್ನೊಂದು ಗಂಟೆಯ ಪ್ರಯಾಣದಲ್ಲಿ ಅದು ಎಲ್ಲಿ ಸಡಿಲಾಯಿತೋ ತಿಳಿಯದು. ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಅವನು ಸಿಲ್ವೆಸ್ಟರ್ ಅಂಕಲ್ ಮುಂದೆ ಕುಳಿತು ಬಾಯಿ ತೆರೆದಿದ್ದ. ಬಾಯಿಂದ ಹೊರಬಿದ್ದದ್ದು ಮಾತ್ರ ಮೆಲ್ಬರ್ನಿನ ಬಿಸಿಲಿನ ಮಾತು.

ಸಿಲ್ವೆಸ್ಟರ್ ಮಂಗಳೂರಿನ ಕಡೆಯವರು. ಮೂವತ್ತು ವರ್ಷ ಸಿಡ್ನಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ರಿಟೈರಾದ ಮೇಲೆ ಸಿಡ್ನಿಯಲ್ಲೇ, ರೌಸ್ ಹಿಲ್‌ನ ತಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ ಹಾಕಿಕೊಂಡು, ಕುದುರೆ ಕಟ್ಟಿ ಬೇಸಾಯ ಮಾಡುತ್ತಿದ್ದ ಕಾಲದ ಯಂತ್ರಗಳನ್ನು ರಿಪೇರಿ ಮಾಡಿ ಕೊಡುತ್ತಿದ್ದರು. ಅಂಥವನ್ನು ಕೂಡಿಡುವ ಹುಚ್ಚಿನವರಿಗೆ ಆ ದೇಶದಲ್ಲಿ ಕೊರತೆಯಿರಲಿಲ್ಲ. ಅಡಿವೆಪ್ಪ ಅವರನ್ನು ಮೊದಲು ಕಂಡದ್ದು ಟೂಂಗಾಬಿಯ ಇಂಡಿಯನ್ ಅಂಗಡಿಯ ಕ್ಯೂನಲ್ಲಿ. ಮೆಕ್ಯಾನಿಕಲ್‌ನಲ್ಲಿ ಮಾಸ್ಟರ್ಸ್ ಮುಗಿಸಿ ವರ್ಷವಾದರೂ ಅವನಿಗೆ ಕೆಲಸ ಸಿಕ್ಕಿರಲಿಲ್ಲ. ಮುಂದೆ ನಿಂತ ಮುದುಕರ ಬುಟ್ಟಿಯಲ್ಲಿ ಕೊತ್ತಂಬರಿ ಕಟ್ಟಿನ ಪಕ್ಕ ತುಕ್ಕು ಹಿಡಿದ ಕಬ್ಬಿಣದ ಅಲಗೊಂದು ಮಲಗಿತ್ತು.

"ಇದು ಎಡಿಕುಂಟಿ ಅಲಗ ಇದ್ದಂಗ ಐತಲ್ರೀ?" ತನಗೇ ಗೊತ್ತಿಲ್ಲದೆ ಕನ್ನಡ ಬಾಯಿಗೆ ಬಂದಿತ್ತು.

ಮುದುಕರು ತಿರುಗಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ್ದರು. "ಹೌದು ಮಾರಾಯ, ಕುದುರೆ ಎಳಿಯುವ ಕುಂಟೆಯದ್ದು. ನೀನು ಮಾತಾಡ್ಲಿಕ್ಕೆ ಬಂದದ್ದಾ, ಜಗಳಕ್ಕೆ ಬಂದದ್ದಾ?"

"ನಮ್ಮ ಕಡಿ ಎರಡೂ ಹಿಂಗ ಕೇಳ್ತಾವ್ರಿ."

ಆ ಸಂಜೆಯೇ ಅವನು ಶೆಡ್ಡಿಗೆ ಹೋಗಿದ್ದ. ಅಂದಿನಿಂದ ಎರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ. ಅಲ್ಲೇ ಕಾಯಂ ನೆಲೆಸಲು ಹಾಕುವ ಪಿಆರ್ ಅರ್ಜಿಗೆ ಅನುಭವದ ಲೆಟರ್ ಬೇಕಿತ್ತು. ಏಪ್ರಿಲ್‌ನಲ್ಲಿ ವೀಸಾ ಮುಗಿಯುತ್ತಿತ್ತು. ಕೇಳಿದಾಗ ಸಿಲ್ವೆಸ್ಟರ್ ಹೇಳಿದ್ದು ಇಷ್ಟೆ: "ಒಂದು ಮಷೀನು ನೀನೊಬ್ಬನೇ ಮುಗಿಸು. ಆಮೇಲೆ ನಾನು ಸೈನ್ ಹಾಕ್ತೇನೆ. ಸುಳ್ಳು ಲೆಟರ್ ಮಾತ್ರ ನಾನು ಬರಿಯುವುದಿಲ್ಲ, ನೋಡು."

ಆ ಒಂದು ಮಷೀನೇ ಕಲ್ಟಿವೇಟರ್. ಎರಡು ಕಬ್ಬಿಣದ ಚಕ್ರ, ನಡುವೆ ಎತ್ತರದಲ್ಲಿ ಒಂದು ಆಸನ, ಕೆಳಗೆ ಸಾಲುಗಳ ನಡುವಿನ ಕಳೆ ಕೀಳುವ ಅಲಗುಗಳು. ಕುದುರೆಯ ಕೆಲಸ ಎಳೆಯುವುದಷ್ಟೆ. ಪೈರಿಗೆ ತಾಗದಂತೆ ಯಂತ್ರವನ್ನು ಅತ್ತಿತ್ತ ಸರಿಸುವುದು ಕುಳಿತವನ ಕಾಲುಗಳ ಕೆಲಸ. ಪಾದಕ್ಕೊಂದರಂತೆ ಎರಡು ಪೆಡಲ್. ಒಂದೊಂದು ಪೆಡಲಿನಿಂದ ಒಂದೊಂದು ಸರಳು ಮುಂದಕ್ಕೆ ಹೋಗಿ ಚಕ್ರಗಳ ಅಚ್ಚಿನ ತುದಿಗೆ ಸೇರುತ್ತದೆ. ಅಚ್ಚು ನಡುವಿನ ಗೂಟದ ಮೇಲೆ ತಿರುಗುತ್ತದೆ. ಯಾವ ತುದಿಯನ್ನು ಮುಂದಕ್ಕೆ ದೂಡಿದರೆ ಅದಕ್ಕೆ ಎದುರು ದಿಕ್ಕಿಗೆ ಯಂತ್ರ ಹೊರಳುತ್ತದೆ.

ಅಡಿವೆಪ್ಪನ ಕೈಗೆ ಬಂದಾಗ ಆ ಎರಡು ಸರಳುಗಳು ಕತ್ತರಿಯಂತೆ ಒಂದನ್ನೊಂದು ಹಾಯ್ದಿದ್ದವು. ಎಡ ಪೆಡಲಿನದು ಬಲ ತುದಿಗೆ, ಬಲದ್ದು ಎಡ ತುದಿಗೆ. ಒಂದು ಸರಳು ನಡುವಿನಲ್ಲಿ ಬಿಲ್ಲಿನಂತೆ ಬಾಗಿತ್ತು. ಯಾವನೋ ರೈತ ಅವಸರದಲ್ಲಿ ಮಾಡಿದ ಹರಕು ರಿಪೇರಿ ಎಂದುಕೊಂಡ. ಸಿಲ್ವೆಸ್ಟರ್ ಮತ್ತು ರೋಸಲಿನ್ ಆಂಟಿ ಮೊಮ್ಮಗುವಿನ ನಾಮಕರಣಕ್ಕೆಂದು ಮೆಲ್ಬರ್ನಿನ ಮಗಳ ಮನೆಗೆ ಹೋಗಿದ್ದರು. ಅವನು ಡೊಂಕು ಸರಳನ್ನು ಕೆಂಪಗೆ ಕಾಯಿಸಿ, ಕಮ್ಮಾರರ ಅಡಿಗಲ್ಲಿನ ಮೇಲೆ ಬಡಿದು, ಬಾಣದಂತೆ ನೆಟ್ಟಗೆ ಮಾಡಿದ. ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಜೋಡಿಸಿದ. ಆಸನದ ಮೇಲೆ ಕುಳಿತು ಎಡಗಾಲು ಒತ್ತಿದ. ಅಚ್ಚು ಬಲಕ್ಕೆ ಹೊರಳಿತು.

ಸರಿ ಅನ್ನಿಸಿತು.

ಈಗ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಅದೇ. ಅನುಮಾನ ಬಂದು ಅಲಕ್ಷಿಸಿದ್ದರೆ ಬೇರೆ ಮಾತು. ಅನುಮಾನ ಬರಲೇ ಇಲ್ಲ. ಗದಗ ಜಿಲ್ಲೆಯ ರೋಣದ ಹತ್ತಿರದ ಹೊಲದಲ್ಲಿ ಹನ್ನೆರಡನೆಯ ವಯಸ್ಸಿನಿಂದ ಎತ್ತುಗಳ ಹಿಂದೆ, ಕಳೆ ತೆಗೆಯುವ ಎಡೆಕುಂಟೆ ಹಿಡಿದು ನಡೆದವನು ಅವನು. ಅಲಗು ಬಲಕ್ಕೆ ಸರಿಯಬೇಕಾದರೆ ಹಿಡಿಯನ್ನು ಎಡಕ್ಕೆ ದೂಡಬೇಕು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಮೈ ಕಲಿತಿತ್ತು. ಎಡಕ್ಕೆ ಒತ್ತಿದರೆ ಬಲಕ್ಕೆ ಹೋಗುವುದು ಅವನ ಮಟ್ಟಿಗೆ ಲೋಕದ ನಿಯಮ. ಎರಡು ಡಿಗ್ರಿಗಳು ಆ ಮೈಯನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ.

ನವೆಂಬರಿನ ಒಂದು ಶನಿವಾರ ಮೆಲ್ಬರ್ನಿನ ಹೊರಗಿನ ಒಂದು ಹೊಲದಲ್ಲಿ ಪ್ರದರ್ಶನ. ಗೇಣುದ್ದದ ಜೋಳದ ಸಾಲುಗಳು. ಕಲ್ಟಿವೇಟರ್ ಸಿಡ್ನಿಯಿಂದ ಲಾರಿಯಲ್ಲಿ ಬಂತು. ಸಿಲ್ವೆಸ್ಟರ್ ಮಗಳ ಮನೆಯಿಂದ ನೇರವಾಗಿ ಬಂದರು. ಹೊಸ ಬಣ್ಣದ ಮೇಲೆ ಕೈಯಾಡಿಸಿ ನೋಡಿ, "ಪರವಾಗಿಲ್ವೇ ಗದಗ!" ಎಂದು ಅವನ ಬೆನ್ನು ತಟ್ಟಿ, ಹತ್ತಿ ಕುಳಿತರು. ಇಂಥ ಹತ್ತು ಯಂತ್ರಗಳನ್ನು ಓಡಿಸಿದ ಕಾಲುಗಳು ಅವರವು. ಕುದುರೆಯ ಹದಿನೈದು ಹೆಜ್ಜೆ ಎಲ್ಲ ಸರಿಯಿತ್ತು. ಸಾಲು ಸ್ವಲ್ಪ ಎಡಕ್ಕೆ ತಿರುಗಿದಲ್ಲಿ ಅವರು ಎಡಗಾಲು ಒತ್ತಿದರು. ಯಂತ್ರ ಬಲಕ್ಕೆ ಹೋಯಿತು. ಇನ್ನೂ ಒತ್ತಿದರು. ಇನ್ನೂ ಬಲಕ್ಕೆ ಹೋಯಿತು. "ಲೆಫ್ಟ್! ಲೆಫ್ಟ್!" ಎಂದು ಅವರು ತಮ್ಮ ಕಾಲಿಗೇ ಕೂಗುತ್ತಿದ್ದದ್ದು ಬೇಲಿಯಾಚೆ ನಿಂತವರಿಗೂ ಕೇಳಿಸಿತು. ಬಲಗಡೆಯ ಕಾಲುವೆಗೆ ಚಕ್ರ ಇಳಿದು ಯಂತ್ರ ಮಗುಚಿತು. ಅವರ ಸೊಂಟದ ಮೂಳೆ ಮುರಿಯಿತು.

ಆಂಬ್ಯುಲೆನ್ಸಿನಲ್ಲಿ ರೋಸಲಿನ್ ಆಂಟಿ ಹತ್ತಿದರು. ಅಡಿವೆಪ್ಪ ಉಳಿದ. ಎರಡು ಯಂತ್ರಗಳಾಚೆ ಅದೇ ಮಾದರಿಯ ಇನ್ನೊಂದು ಕಲ್ಟಿವೇಟರ್ ನಿಂತಿತ್ತು. ಅದರ ಸರಳುಗಳು ಕತ್ತರಿಯಂತೆ ಹಾಯ್ದಿದ್ದವು, ಒಂದು ಇನ್ನೊಂದಕ್ಕೆ ದಾರಿ ಬಿಡಲೆಂದು ನಡುವಿನಲ್ಲಿ ಬಾಗಿತ್ತು. ಬಾಗಿದಲ್ಲಿ, ತಯಾರಿಸಿದವರೇ ಒತ್ತಿದ ಅಂಕಿಗಳಿದ್ದವು. ಅವನು ಅದನ್ನು ತುಂಬ ಹೊತ್ತು ನೋಡಿದ. ಆಮೇಲೆ ತಮ್ಮ ಯಂತ್ರದ ಬಳಿಗೆ ಬಂದು, ಸ್ಪ್ಯಾನರ್ ತೆಗೆದುಕೊಂಡು, ಎರಡೂ ಸರಳುಗಳನ್ನು ಬಿಚ್ಚಿ ಅಡ್ಡ ಜೋಡಿಸಿದ. ಬಾಗು ಹೋದದ್ದರಿಂದ ಸರಳುಗಳು ಒಂದಕ್ಕೊಂದು ಉಜ್ಜಿ ಕಿರುಗುಟ್ಟಿದವು. ಹತ್ತು ನಿಮಿಷದ ಕೆಲಸ. ತಪ್ಪನ್ನು ತಿದ್ದುತ್ತಿದ್ದೇನೆ ಎಂದು ಆ ಹತ್ತು ನಿಮಿಷವೂ ತನಗೆ ತಾನೇ ಹೇಳಿಕೊಂಡ.

ಎರಡನೆಯ ದಿನ ಆಸ್ಪತ್ರೆಯ ಹಾಸಿಗೆಯಿಂದ ಸಿಲ್ವೆಸ್ಟರ್ ಕೇಳಿದ್ದರು: "ಸರಳು ನೋಡಿದ್ಯಾ? ಸರಿ ಉಂಟಾ?"

"ಸರಿ ಅದಾವ್ರಿ ಅಂಕಲ್."

ಈಗ ಬಾಕ್ಸ್ ಹಿಲ್‌ನ ಅಪಾರ್ಟ್‌ಮೆಂಟಿನ ಐದನೆಯ ಮಹಡಿಯಲ್ಲಿ ಬಾಗಿಲು ತೆರೆದವಳು ಸಿಲ್ವೆಸ್ಟರ್ ಅವರ ಮಗಳು ರೋಶ್ನಿ. ಪುಟ್ಟ ಮಗು ಅವಳ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಅವನನ್ನು ಒಳಗೆ ಬಿಡುವ ಮೊದಲು ಅಡುಗೆಮನೆಯ ಕಡೆ ಕರೆದಳು.

"ಬ್ರೈನ್ ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂತಾರೆ. ಬಟ್ ಡ್ಯಾಡಿಗೆ ಕಾನ್ಫಿಡೆನ್ಸೇ ಹೋಗಿದೆ. ಲೆಫ್ಟ್ ಯಾವುದು ರೈಟ್ ಯಾವುದು ಅಂತ ಯೋಚನೆ ಮಾಡ್ತಾ ನಿಂತ್ಬಿಡ್ತಾರೆ. ಕಾರ್ ಕೀ ಅವರೇ ತಂದು ನನ್ ಕೈಲಿ ಕೊಟ್ರು. ನಾವು ಕೇಳೇ ಇರ್ಲಿಲ್ಲ, ಗೊತ್ತಾ?" ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ರೌಸ್ ಹಿಲ್ ಮನೆ ಮಾರ್ತಿದ್ದೀವಿ. ಶೆಡ್ಡೂ ಖಾಲಿ ಮಾಡ್ಬೇಕು. ನೀವು ಹೆಲ್ಪ್ ಮಾಡ್ತೀರಲ್ವಾ?"

"ಮಾಡ್ತೀನ್ರಿ."

ಸಿಲ್ವೆಸ್ಟರ್ ಕಿಟಕಿಯ ಪಕ್ಕ ಕುಳಿತಿದ್ದರು. ಮೂರು ತಿಂಗಳಲ್ಲಿ ಶರಟು ಅವರಿಗೆ ದೊಡ್ಡದಾಗಿತ್ತು. ಎಡಗಾಲಿನ ಚಪ್ಪಲಿಗೆ ಕೆಂಪು ಉಲ್ಲನ್ ದಾರವೊಂದನ್ನು ಗಂಟು ಹಾಕಿದ್ದರು.

"ಬಂದ ನೋಡು, ಜಗಳಗಂಟ," ಎಂದರು. "ಎಂತ ನೋಡ್ತಿ? ಇದು ನಿನ್ನ ಆಂಟಿಯ ಇಂಜಿನಿಯರಿಂಗ್. ಕೆಂಪು ಇದ್ದದ್ದು ಎಡ. ಕೆಂಪು ಇಲ್ಲದ್ದು ಬಲ. ನಿಂಗೆ ಎರಡು ಡಿಗ್ರಿ ಇದ್ರೂ ಇಂಥದ್ದು ಹೊಳೀಲಿಲ್ಲ ಅಲ್ವಾ?"

"ಇವರ ಬಾಯಿಗೂ ಒಂದು ದಾರ ಕಟ್ಬೇಕಿತ್ತು," ಎಂದು ರೋಸಲಿನ್ ಆಂಟಿ ಚಹಾ ತಂದಿಟ್ಟರು. ನಗುತ್ತಲೇ ಇಟ್ಟರು. ತಿರುಗಿ ಹೋಗುವಾಗ ಕಣ್ಣು ಒರೆಸಿಕೊಂಡದ್ದನ್ನು ಅಡಿವೆಪ್ಪ ನೋಡಿದ.

ಈಗ ಹೇಳಬೇಕು ಎಂದುಕೊಂಡ. ಚಹಾ ಆರುವುದರೊಳಗೆ. ಹೇಳಿದರೆ ಏನಾಗುತ್ತದೆ? ಲೆಟರ್ ಹೋಗುತ್ತದೆ, ಏಪ್ರಿಲ್‌ನಲ್ಲಿ ತಾನೂ ಹೋಗಬೇಕಾಗುತ್ತದೆ. ಹೋಗಲಿ. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಸ್ಪ್ಯಾನರ್ ಹಿಡಿದ ಆ ಹತ್ತು ನಿಮಿಷವನ್ನೂ ಹೇಳಬೇಕಾಗುತ್ತದೆ. ಸರಳಿನ ತಪ್ಪಿಗೆ ಎಡೆಕುಂಟೆಯನ್ನು ಹೊಣೆ ಮಾಡಬಹುದು. ಆ ಹತ್ತು ನಿಮಿಷಕ್ಕೆ ಯಾರನ್ನು?

"ಅಂಕಲ್," ಎಂದ. "ಆ ಮಷೀನಿಂದು ಒಂದು ಮಾತು..."

"ನಾನೂ ಅದನ್ನೇ ಹೇಳ್ಲಿಕ್ಕೆ ಕಾಯ್ತಿದ್ದೆ," ಎಂದರು ಸಿಲ್ವೆಸ್ಟರ್. ಅವರ ದನಿ ಇಳಿದಿತ್ತು. "ಮೊದಲ ಒಂದು ತಿಂಗಳು ನಾನು ನಿನ್ನ ಮೇಲೆ ಡೌಟು ಪಟ್ಟೆ ಮಾರಾಯ. ಸುಳ್ಳು ಹೇಳುವುದಿಲ್ಲ. ಈ ಹುಡುಗ ಸರಳು ತಿರುಗಿಸಿ ಹಾಕಿದ್ದಾನೆ ಅಂತ ಎಣಿಸ್ತಿದ್ದೆ. ಮತ್ತೆ ಲಾರಿಯವನ ಹತ್ತಿರ ಫೋಟೋ ತೆಗೆಸಿ ತರಿಸಿದೆ. ನಿಂಗೆ ಹೇಳ್ಲಿಲ್ಲ. ಫೋಟೋದಲ್ಲಿ ಎಲ್ಲ ಸರಿ ಉಂಟು. ಕ್ರಾಸ್ ಆಗಿಯೇ ಉಂಟು." ಅವರು ಕೆಂಪು ದಾರವನ್ನು ನೋಡಿದರು. "ಹಾಗಾದ್ರೆ ಎಡ ಒತ್ತಿದೆ ಅಂತ ಎಣಿಸಿ ನಾನು ಬಲ ಒತ್ತಿದ್ದು. ಅಷ್ಟೇ. ಅರವತ್ತೆಂಟು ವರ್ಷ ಜೊತೆಗಿದ್ದ ಕಾಲು. ಇದೇ ಎಡ ಅಂತ ಈಗಲೂ ಇದು ಆಣೆ ಹಾಕ್ತದೆ. ಆದ್ರೆ ನಂಬುವುದು ಹೇಗೆ, ಹೇಳು?"

ಕಿಟಕಿಯ ಕೆಳಗೆ ಟ್ರಾಮಿನ ಗಂಟೆ ಹೊಡೆಯಿತು. ಸಿಲ್ವೆಸ್ಟರ್ ಪಕ್ಕದ ಮೇಜಿನಿಂದ ಒಂದು ಕವರ್ ತೆಗೆದು ಅವನ ಮುಂದೆ ಹಿಡಿದರು.

"ಓದು."

ರೋಶ್ನಿ ಟೈಪ್ ಮಾಡಿದ ಲೆಟರ್. ಎರಡು ವರ್ಷದ ಕೆಲಸದ ವಿವರವಿತ್ತು. ಕೊನೆಯಲ್ಲಿ, ಕುದುರೆ ಎಳೆಯುವ ಕಲ್ಟಿವೇಟರಿನ ಸ್ಟೀರಿಂಗ್ ಜೋಡಣೆಯನ್ನು ಈತ ಯಾರ ಸಹಾಯವೂ ಇಲ್ಲದೆ, ಮೂಲದಲ್ಲಿದ್ದಂತೆಯೇ ದುರಸ್ತಿ ಮಾಡಿದ್ದಾನೆ ಎಂದಿತ್ತು. ಕೆಳಗೆ ನಡುಗುವ ಅಕ್ಷರದ ಸಹಿ.

"ನಿನ್ನ ಮೇಲೆ ಡೌಟು ಪಟ್ಟದ್ದು ನನ್ನ ತಪ್ಪು," ಎಂದರು. "ಅದನ್ನು ಮನಸ್ಸಲ್ಲಿ ಇಟ್ಕೊಳ್ಬೇಡ, ಆಯ್ತಾ?"

ಅವನು ತಲೆಯಾಡಿಸಿದ. ಕವರನ್ನು ವಾಪಸು ಮೇಜಿನ ಮೇಲಿಡಬೇಕೆಂದು ಕೈ ಚಾಚಿದ್ದು ನಿಜ. ಆದರೆ ಕೈ ಹಿಂದಕ್ಕೆ ಬಂದು ಅದನ್ನು ಜೇಬಿಗೆ ಸೇರಿಸಿತು.

"ನೀನು ಎಂತದೋ ಹೇಳ್ಲಿಕ್ಕೆ ಹೊರಟಿದ್ದೆ?"

"ಏನಿಲ್ರಿ. ಆ ಮಷೀನ್ ತೊಗೊಳ್ಳಾಕ ಯಾರೋ ಬಂದಿದ್ರು."

"ಕೊಟ್ಟುಬಿಡು."

ಹೊರಟಾಗ ಬಾಗಿಲವರೆಗೆ ಬರುತ್ತೇನೆಂದು ಸಿಲ್ವೆಸ್ಟರ್ ಹಟ ಹಿಡಿದರು. ವಾಕರ್ ಹಿಡಿದು ಎದ್ದು ನಿಂತರು. ಹೆಜ್ಜೆ ಎತ್ತುವ ಮುನ್ನ ತಲೆ ಬಗ್ಗಿಸಿ ಕೆಂಪು ದಾರ ಯಾವ ಕಾಲಿಗಿದೆಯೆಂದು ನೋಡಿದರು. ಒಂದು ಹೆಜ್ಜೆ ಇಟ್ಟರು. ಮತ್ತೆ ನೋಡಿದರು. ಕಿಟಕಿಯಿಂದ ಬಾಗಿಲಿಗೆ ಎಂಟು ಹೆಜ್ಜೆ. ಎಂಟು ಸಲವೂ ನೋಡಿದರು. ಅಡಿವೆಪ್ಪ ಹೊಸ್ತಿಲಲ್ಲಿ ನಿಂತು, ಜೇಬಿನ ಮೇಲೆ ಕೈಯಿಟ್ಟುಕೊಂಡು, ಅವರು ಬಂದು ಮುಟ್ಟುವವರೆಗೆ ಕಾದ.

"ಜೋಪಾನ," ಎಂದರು ಅವರು.

"ಬರ್ತೀನ್ರಿ ಅಂಕಲ್," ಎಂದ ಅವನು.

ಸರಳುಗಳನ್ನು ಜೋಡಿಸಿದ್ದರಲ್ಲಿ ತಪ್ಪಿದವನು ತಾನು, ಅವರ ಎಡಗಾಲು ಎಡಗಾಲೇ ಆಗಿತ್ತು, ಅದು ಒತ್ತಬೇಕಾದದ್ದನ್ನೇ ಒತ್ತಿತ್ತು ಎಂಬುದನ್ನು ಅಡಿವೆಪ್ಪ ಸಿಲ್ವೆಸ್ಟರ್ ಅಂಕಲ್‌ಗೆ ಎಂದೂ ಹೇಳಲಿಲ್ಲ.