ಮೂರನೇ ಮರ, ಹನ್ನೊಂದನೇ ಮರ

ಸಾಗರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ಮುಕುಂದಯ್ಯನಿಗೆ ಹೆಂಡತಿ ಶೇಷಮ್ಮನೆಂದರೆ ಪ್ರಾಣ. ಎಂಬತ್ತರ ದಶಕದ ಕೊನೆಗೆ ವಾರಾಹಿ ಅಣೆಕಟ್ಟಿನ ನೀರು ಏರಿ, ಮಾಸ್ತಿಕಟ್ಟೆ ಹತ್ತಿರದ ಅವಳ ತವರಿನ ಜೊತೆಗೆ ಅಲ್ಲಿನ ಅಪ್ಪೆಮಿಡಿ ಮಾವಿನ ಮರವೂ ಮುಳುಗಿತು. ಗಂಡನ ಹಿತ್ತಲಲ್ಲೂ ಒಂದು ಅಪ್ಪೆಮರವಿತ್ತು. ಮುಕುಂದಯ್ಯನ ಅಜ್ಜಿಯೂ ಆ ಸೀಮೆಯವಳೇ. ಆ ಮರದ ಗೊರಟು ತಂದು ಹಾಕಿದ್ದರೂ ಹಾಕಿರಬಹುದು. ಇದು ಅದರ ಕುಡಿಯೇ ಆದರೆ ತವರಿನದೊಂದು ಜೀವ ಉಳಿದಂತೆ ಎಂದು ಶೇಷಮ್ಮನ ಆಸೆ.

ಊರು ಮುಳುಗುವ ಮೊದಲೇ ಮುಕುಂದಯ್ಯ ಊರೂರು ಅಲೆದು ಮರಗಳ ಎಲೆ, ಮಿಡಿ, ಸೊನೆಯ ವಿವರ ಕೂಡಿಹಾಕಿದ್ದ. ಯಾವ ಮರ ಯಾವುದರ ಸಂತಾನವೆಂದು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ತಾನೇ ಬರೆದ. ಮೊದಲು ನಮ್ಮ ನಂಬಿಕೆ ಎಷ್ಟೆಂದು ಅದಕ್ಕೆ ಹೇಳಬೇಕು. ಸಿಕ್ಕ ಪುರಾವೆ ನೋಡಿ ಅದು ನಂಬಿಕೆಯನ್ನು ಏರಿಸುತ್ತದೆ, ಇಲ್ಲವೇ ಇಳಿಸುತ್ತದೆ. ಮುಕುಂದಯ್ಯ ಹೆಂಡತಿಯ ಮುಖ ನೆನೆದು ನಂಬಿಕೆಯನ್ನು ಧಾರಾಳವಾಗಿ ಸುರಿದುಬಿಟ್ಟ. ಎರಡು ಮರಗಳಿಗೂ ನಂಟಿರುವ ಸಂಭವ ನೂರಕ್ಕೆ ತೊಂಬತ್ತೊಂಬತ್ತು ಎಂದು ಬಂತು. ಕುಣಿಯುತ್ತ ಮನೆಗೆ ಬಂದು ಎಲ್ಲ ವಿವರಿಸಿದ.

ನೀವು ಮೊದಲು ಎಷ್ಟು ನಂಬಿದ್ದಿರಿ ಎಂದು ಶೇಷಮ್ಮ ಕೇಳಿದಳು. ಸುಳ್ಳು ಹೇಳಲು ಬಾರದ ಪುಣ್ಯಾತ್ಮ ನೂರಕ್ಕೆ ತೊಂಬತ್ತೆಂಟು ಎಂದು ಹೇಳಿಬಿಟ್ಟ.

“ಹಂಗಾದ್ರೆ ನೀವು ಹೇಳ್ಸಿದ್ದನ್ನೇ ಅದು ಹೇಳಿದೆ,” ಎಂದಳು. “ನನ್ನ ಸಮಾಧಾನಕ್ಕೆ ಮಾಡಿದ್ರಿ, ಅಷ್ಟೇ.”

ಅವನ ಮುಖ ಸಪ್ಪಗಾಯಿತು. ತೀರ್ಥಹಳ್ಳಿಯ ಕಾಲೇಜಿನ ವಾಸಪ್ಪ ಮೇಷ್ಟ್ರು ಯಾರ ಮುಲಾಜಿಗೂ ಬೀಳುವವರಲ್ಲ. ಅವರಿಂದಲೇ ಲೆಕ್ಕ ಹಾಕಿಸುವುದೆಂದು ತೀರ್ಮಾನಿಸಿದ. ಆದರೆ ಪ್ರೋಗ್ರಾಂ ಮಹಾ ಹಟಮಾರಿ, ಮುಕುಂದಯ್ಯ ಪಕ್ಕದಲ್ಲಿದ್ದರೆ ಮಾತ್ರ ಓಡುತ್ತಿತ್ತು. ಬೇಕಾದ ತುಣುಕುಗಳನ್ನೆಲ್ಲ ಹುಡುಕಿ, ಶುರುಮಾಡುವ ಕ್ರಮವನ್ನೂ ಸೇರಿಸಿ ಫ್ಲಾಪಿಗಳಿಗೆ ತುಂಬುವುದರಲ್ಲೇ ಬೇಸಿಗೆ ರಜೆ ಮುಗಿಯಿತು. ಯಾವ ಮರ ಯಾರದೆಂದು ವಾಸಪ್ಪನವರಿಗೆ ಗೊತ್ತಾಗದಿರಲೆಂದು ಮರಗಳ ಹೆಸರು ತೆಗೆದು ಬರೀ ಅಂಕಿ ಕೊಟ್ಟ: ತವರಿನದು ಮೂರು, ಹಿತ್ತಲಿನದು ಹನ್ನೊಂದು. ಕಡೆಗೆ ನಂಬಿಕೆಯ ಜಾಗದಲ್ಲಿ ತಾನು ಹಾಕಿದ್ದನ್ನು ಅಳಿಸಬೇಕಾದಾಗ ಕೈ ಹಿಂಜರಿಯಿತು. ನಂಟಿಲ್ಲವೆಂದು ಉತ್ತರ ಬಂದರೆ ಅವಳಿಗೆ ಏನು ಹೇಳುವುದು? ಆದರೂ ಅಳಿಸಿದ. ಶೇಷಮ್ಮನೇ ಫ್ಲಾಪಿಗಳನ್ನು ರಟ್ಟಿನ ನಡುವೆ ಇಟ್ಟು ಮೇಲೆ ಬಟ್ಟೆ ಸುತ್ತಿ ಹೊಲಿದಳು. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗಂಟು ಹೋಯಿತು.

ವಾಸಪ್ಪ ಯಾವ ಕಡೆಗೂ ವಾಲದೆ ಅರ್ಧಕ್ಕರ್ಧ ನಂಬಿಕೆಯಿಂದ ಶುರುಮಾಡಿದರಂತೆ. ಕಾಲೇಜಿಗೆ ಫೋನ್ ಮಾಡಿ, ಮೂರನೇ ಮರಕ್ಕೂ ಹನ್ನೊಂದನೇ ಮರಕ್ಕೂ ನಂಟಿರುವ ಸಂಭವ ನೂರಕ್ಕೆ ಎಪ್ಪತ್ತು ಎಂದರು.

ಮುಕುಂದಯ್ಯ ಕಾಲೆಳೆಯುತ್ತ ಮನೆಗೆ ಬಂದ. “ಅರ್ಧಕ್ಕರ್ಧದಿಂದ ಶುರುಮಾಡಿದ್ರಂತೆ, ಎಪ್ಪತ್ತೇ ಬಂತು ಕಣೇ.”

ಊರು ಮುಳುಗಿದಾಗಲೂ ಅಳದಿದ್ದ ಶೇಷಮ್ಮ ಹಿತ್ತಲ ಬಾಗಿಲಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಗಾಬರಿಯಾಗಿ ಪಕ್ಕದಲ್ಲಿ ಕೂತ.

“ಅಷ್ಟು ಅನುಮಾನ ಇಟ್ಕೊಂಡು ಲೆಕ್ಕ ಹಾಕಿದ್ರೂ ಹೌದು ಅಂದಿದೆಯಲ್ಲ,” ಎಂದಳು. “ಈಗ ನಂಬ್ತೀನಿ.”